ತಿಮ್ಮಯ್ಯನ ಬೇಲಿಯವರೆಗೆ

ಕೊಡಗೀಪಾಳ್ಯದಲ್ಲಿ ಮಳೆ ಬಂದರೆ ನೀರು ಯಾವ ದಾರಿ ಹಿಡಿಯುತ್ತದೆ ಎಂದು ತಿಳಿಯಬೇಕಾದರೆ ದಾಸಯ್ಯನನ್ನು ಕೇಳಬೇಕಿತ್ತು. ಮೂರು ತಲೆಮಾರಿನಿಂದ ಊರ ಕೆರೆಯ ನೀರುಗಂಟಿ ಕೆಲಸ ಅವನ ಮನೆಯದು. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿಂತು ಹಂಚುವುದು, ಕೋಡಿ ಬಿದ್ದರೆ ಓಡಿ ಬಂದು ಊರಿಗೆ ತಿಳಿಸುವುದು ಎಲ್ಲಾ ಅವನೇ. ಮೇಲುಕೇರಿಯ ಯಜಮಾನರೂ ನೀರಿನ ಜಗಳದಲ್ಲಿ ಅವನು ಹೇಳಿದ್ದಕ್ಕೆ ಒಪ್ಪಿಕೊಳ್ಳುತ್ತಿದ್ದರು. ಬೇರೆ ಯಾವುದಕ್ಕೂ ಅವನ ಮಾತು ಅವರ ಕಿವಿಗೆ ಬೀಳುತ್ತಿರಲಿಲ್ಲ, ಆ ಮಾತು ಬೇರೆ.

ಊರು ಇರುವುದು ಇಳಿಜಾರಿನಲ್ಲಿ. ಮೇಲೆ ಗುಡ್ಡ, ಅದರ ಕೆಳಗೆ ಮೇಲುಕೇರಿ, ಆಮೇಲೆ ದಾಸಯ್ಯನವರ ಕೆಳಗಲಕೇರಿ, ಅದಕ್ಕೆ ಒತ್ತಿಕೊಂಡು ತಿಮ್ಮಯ್ಯನ ತೆಂಗಿನ ತೋಟ, ತೋಟ ದಾಟಿದರೆ ಕೆರೆ. ಗುಡ್ಡದ ನೀರು ಕೆರೆ ಸೇರಲು ಎಮ್ಮೆಹಳ್ಳ ಎಂಬುದೊಂದು ಹಳ್ಳವಿತ್ತು. ಇತ್ತು ಎಂದೇ ಹೇಳಬೇಕು. ಇಪ್ಪತ್ತು ವರ್ಷದ ಹಿಂದೆ ತಿಮ್ಮಯ್ಯ ತನ್ನ ತೋಟದ ನಡುವೆ ಹಾಯುತ್ತಿದ್ದ ಆ ಹಳ್ಳಕ್ಕೆ ಕೆರೆಯ ಗೋಡುಮಣ್ಣು ಹೊಡೆಸಿ, ಮಟ್ಟ ಮಾಡಿಸಿ, ಹದಿನಾಲ್ಕು ತೆಂಗಿನ ಸಸಿ ನೆಟ್ಟ. ಹಳ್ಳದ ತಂಪು, ಕೆರೆಯ ಗೋಡು, ಕೇಳಬೇಕೆ? ಆ ಹದಿನಾಲ್ಕು ಮರ ಕಾಯಿ ಬಿಟ್ಟ ಹಾಗೆ ತೋಟದ ಇನ್ಯಾವ ಮರವೂ ಬಿಡುತ್ತಿರಲಿಲ್ಲ. ಸಾಲದು ಅಂತ ಬೇಲಿಯುದ್ದಕ್ಕೂ ಆಳೆತ್ತರ ಬದು ಬೇರೆ ಹಾಕಿಸಿದ. ಅಂದಿನಿಂದ ಜೋರು ಮಳೆ ಬಂದಾಗಲೆಲ್ಲ ನೀರು ಬದುವಿಗೆ ಬಡಿದು, ಹಿಂದಕ್ಕೆ ತಿರುಗಿ, ಕೆಳಗಲಕೇರಿಯ ಅಂಗಳದಲ್ಲಿ ನಿಲ್ಲುತ್ತಿತ್ತು.

ಅಂಗಳದಲ್ಲಿ ನೀರು ನಿಂತರೆ ಕಾಲು ಒದ್ದೆಯಾಗುತ್ತದೆ, ಅಷ್ಟೆ. ಕೇರಿಯವರ ಭಯ ಇದ್ದದ್ದು ಹಗೇವಿನದು. ಏಳು ಮನೆಗಳ ವರ್ಷದ ರಾಗಿಯೆಲ್ಲ ಕೇರಿಯ ನಡುವಿನ ದಿಬ್ಬದಲ್ಲಿ, ನೆಲದೊಳಗೆ ತೋಡಿದ ಎರಡು ಹಗೇವಿನಲ್ಲಿ ಇರುತ್ತಿತ್ತು. ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಕಾಳು ಎಷ್ಟು ವರ್ಷವಾದರೂ ಕೆಡದು. ಅದೇ ನೀರು ಇಳಿಯಿತೋ, ಮೂರು ದಿನದಲ್ಲಿ ಎಲ್ಲಾ ಮುಗ್ಗಲು. ನಿಂತ ನೀರು ವರ್ಷ ವರ್ಷವೂ ದಿಬ್ಬದ ಕಡೆ ಒಂದೊಂದು ಗೇಣು ಏರುತ್ತಿತ್ತು. ಅದನ್ನು ಅಳೆಯುತ್ತಿದ್ದವನೂ ದಾಸಯ್ಯನೇ.

ಎಂಬತ್ತೇಳರಲ್ಲಿ ಮಂಡಲ ಪಂಚಾಯಿತಿ ಚುನಾವಣೆ ಬಂತು. ತಿಮ್ಮಯ್ಯನ ಅಳಿಯ ಶಿವಣ್ಣ ನಿಂತ. ತಿಪಟೂರಿನಲ್ಲಿ ಪಿಯುಸಿವರೆಗೆ ಓದಿ, ಮಾವನ ಮನೆಯಲ್ಲೇ ನೆಲೆಸಿ, ರಾಜದೂತ್ ಮೋಟಾರ್ ಸೈಕಲ್ ಹೊಡೆಯುತ್ತಿದ್ದ ಆಸಾಮಿ. ಅಲ್ಲಿಯವರೆಗೆ "ಲೇ ದಾಸ" ಎನ್ನುತ್ತಿದ್ದವನಿಗೆ ಒಂದು ಬೆಳಗ್ಗೆ ದಾಸಯ್ಯ "ದಾಸಣ್ಣ" ಆಗಿಬಿಟ್ಟ. ಕೇರಿಗೆ ಬಂದ, ಕೊನೆಯ ಮನೆಯಲ್ಲಿದ್ದ ದಾಸಯ್ಯನ ತಂಗಿ ಕೆಂಚಮ್ಮನ ಜಗಲಿಯ ಮೇಲೆ ಕೂತ, ಅವಳು ಕೊಟ್ಟ ಕಾಫಿ ಕುಡಿದ. ಮೇಲುಕೇರಿಯವರೊಬ್ಬರು ಆ ಕೇರಿಯ ಲೋಟಕ್ಕೆ ಬಾಯಿಟ್ಟದ್ದು ಅದೇ ಮೊದಲು. ಕಾಫಿ ಕುಡಿದದ್ದನ್ನು ಕೇರಿಯವರು ವಾರಗಟ್ಟಲೆ ಹೇಳಿಕೊಂಡು ತಿರುಗಿದರು, ಪಾಪ.

"ಎಮ್ಮೆಹಳ್ಳಾನ ನಾನ್ ಬುಡಿಸಿಕೊಡ್ತೀನಿ ಕಣ್ ದಾಸಣ್ಣ," ಎಂದ ಶಿವಣ್ಣ. "ಗುಡ್ಡದಿಂದ ಕೆರೆಗಂಟ ಕಲ್ ಕಟ್ಟಿದ ಚರಂಡಿ ಮಾಡಿಸ್ತೀನಿ. ಮಾವನ ತೋಟ ಅಂತ ನೋಡಾಕಿಲ್ಲ."

ದಾಸಯ್ಯ ಮನೆಮನೆ ತಿರುಗಿ ಓಟು ಕೇಳಿದ. ಅವನ ಮಾತಿಗೆ ಕೇರಿಯ ಓಟೆಲ್ಲ ಬಿತ್ತು. ಶಿವಣ್ಣ ಗೆದ್ದ, ಮಂಡಲದ ಪ್ರಧಾನನೂ ಆದ. ಗೆದ್ದ ಮೇಲೂ ದಾಸಯ್ಯನನ್ನು ಮರೆಯಲಿಲ್ಲ, ಅದೇ ಅವನ ಹೆಚ್ಚುಗಾರಿಕೆ. ಮೋಟಾರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊನ್ನವಳ್ಳಿಗೆ ಹೋಗುತ್ತಿದ್ದ, ಹೋಟೆಲಿನಲ್ಲಿ ಎದುರಿಗೇ ಕೂರಿಸಿ ದೋಸೆ ಕೊಡಿಸುತ್ತಿದ್ದ. ದಾಸಯ್ಯನಿಗೆ ತಮ್ಮಂದಿರಿರಲಿಲ್ಲ. ಐವತ್ತು ದಾಟಿದ ಮೇಲೆ ದೇವರು ಒಬ್ಬನನ್ನು ಕೊಟ್ಟ ಎಂದುಕೊಂಡ.

ಆ ವರ್ಷದ ಕಾರ್ತೀಕದಲ್ಲಿ ಓವರ್‌ಸೀಯರ್ ಬಂದ. ಕಣ್ಣಿಗೆ ದುರ್ಬೀನಿಟ್ಟು ನೆಲದ ಮಟ್ಟ ನೋಡಿದ. ದಾಸಯ್ಯ ಮೂರು ದಿನ ಅವನ ಜೊತೆ ನಡೆದು, ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹೊರಳುತ್ತದೆ ಎಂದು ತೋರಿಸಿ, ಗುಡ್ಡದಿಂದ ಬೇಲಿಯವರೆಗೆ, ಬೇಲಿಯಿಂದ ಹದಿನಾಲ್ಕು ಮರಗಳ ಸಾಲಿನಗುಂಟ ಕೆರೆಯವರೆಗೆ ಗೂಟ ಹೊಡೆದ. ಮಾಘದಲ್ಲಿ ಕಾಮಗಾರಿ ಮಂಜೂರಾಯಿತು. ಶಿವಣ್ಣ ಸಂಜೆಯ ಹೊತ್ತಿಗೆ ಬಂದು ದಾಸಯ್ಯನನ್ನು ಪಕ್ಕಕ್ಕೆ ಕರೆದ.

"ಒಂದ್ ತೊಡಕೈತೆ ದಾಸಣ್ಣ. ನಿಮ್ ಕೇರಿ ಮುಂದೆ ಗಾಡಿ ಓಡಾಡ್ಬೇಕು, ಅಲ್ಲಿ ಚರಂಡಿಗೆ ಜಾಗಿಲ್ಲ. ಹಿತ್ಲಗುಂಟ ತಗೀಬೇಕು. ಏಳ್ ಮರ ಅಡ್ಡ ಬತ್ತವೆ."

ದಾಸಯ್ಯ ಹಿತ್ತಲುಗಳ ಕಡೆ ತಿರುಗಿ ನೋಡಿದ. ಈ ಸೀಮೆಯಲ್ಲಿ ಒಂದು ಗುಂಟೆ ತೋಟವಿಲ್ಲದವನಿಗೂ ಒಂದು ತೆಂಗಿನ ಮರ ಇರುತ್ತದೆ. ಅದು ಬಚ್ಚಲ ಮರ. ಹಿತ್ತಲಲ್ಲಿ ಬಚ್ಚಲ ನೀರು ಹೋಗುವ ಕಡೆ ಒಂದು ಸಸಿ ನೆಟ್ಟರೆ ಆಯಿತು, ಮನೆಮಂದಿ ಮಿಂದ ನೀರಲ್ಲೇ ಬೆಳೆಯುತ್ತದೆ. ಬಾಣಂತಿಯ ನೀರು, ಮಗುವಿನ ನೀರು, ಹಬ್ಬದ ಎಣ್ಣೆನೀರು ಎಲ್ಲ ಕುಡಿದ ಮರ. ಕೇರಿಯ ಹೆಂಗಸರು ಸಾರಿಗೆ ಕಾಯಿ ಬೇಕಾದರೆ ಯಾರ ಮುಂದೆಯೂ ಕೈಚಾಚದೆ ಇದ್ದದ್ದು ಆ ಒಂದೊಂದು ಮರದಿಂದ. ಅದನ್ನು ಕಡಿಯಿರಿ ಎಂದರೆ ಯಾರು ಒಪ್ಪುತ್ತಾರೆ?

ಒಪ್ಪಲಿಲ್ಲ. ಕೆಂಚಮ್ಮನಂತೂ ಮರವನ್ನು ತಬ್ಬಿಕೊಂಡೇ ನಿಂತಳು.

"ಮೂರ್ ಬಾಣಂತನದ ನೀರು ಕುಡ್ದದೆ ಕಣಣ್ಣ ಇದು. ನನ್ ಗಂಡ ಸತ್ ವರ್ಸ ಇದ್ರ ಕಾಯಿ ಮಾರ್ಕಂಡು ಮಕ್ಳ ಹೊಟ್ಟೆ ಹೊರ್‍ದಿವ್ನಿ. ಅವ್ರ ತ್ವಾಟದಾಗೆ ಹದ್ನಾಕು ನಿಂತವೆ. ಅವನ್ ಮದ್ಲು ಕಡೀಲಿ."

ಆಗ ದಾಸಯ್ಯನ ತಲೆಗೊಂದು ಉಪಾಯ ಹೊಳೆಯಿತು. ಹಾಳಾದ ಉಪಾಯ. ಅದು ಶಿವಣ್ಣನದಲ್ಲ, ಅವನದೇ. ಫಲ ಬಿಡುವ ತೆಂಗನ್ನು ಕಡಿಯಲೇಬೇಕಾಗಿ ಬಂದರೆ ಸಾಕಿದವರು ಮೊದಲ ಏಟು ಹಾಕುವಂತಿಲ್ಲ ಎಂಬುದು ಅಲ್ಲಿಯ ಪದ್ಧತಿ. ಮರಕ್ಕೆ ಅರಿಶಿನ ಕುಂಕುಮ ಇಟ್ಟು, ತಪ್ಪಾಯ್ತು ಎಂದು ಕೈಮುಗಿದು, ಹೊರಗಿನವನೊಬ್ಬನ ಕೈಲಿ ಕೊಡಲಿ ಕೊಡುತ್ತಾರೆ. ಆ ಪಾಪ ಹೊತ್ತವನು ಮುಂದೆ ತನ್ನ ಮರ ಕಡಿಯುವ ದಿನ ಇವರ ಕೈಗೇ ಕೊಡಲಿ ಕೊಡಬೇಕು. ಅಲ್ಲಿಗೆ ಒಬ್ಬರ ಪಾಪ ಒಬ್ಬರಿಗೆ ಸರಿಹೋಯಿತು. ಯಾರೂ ಬರೆದಿಟ್ಟದ್ದಲ್ಲ, ಆದರೆ ಅಪ್ಪನ ಕಾಲದಿಂದಲೂ ಇದಕ್ಕೆ ಯಾರೂ ತಪ್ಪಿದ್ದನ್ನು ದಾಸಯ್ಯ ಕಂಡಿರಲಿಲ್ಲ.

"ಏಳ್ ಮರಕ್ಕೂ ಮದ್ಲೇಟು ಶಿವಣ್ಣೋರೇ ಹಾಕ್ಲಿ," ಎಂದು ದಾಸಯ್ಯ ಕೇರಿಯವರನ್ನು ಸೇರಿಸಿ ಹೇಳಿದ. "ಏಟ್ ಹಾಕ್ದ ಮ್ಯಾಲೆ ಅವ್ರು ಹೆಂಗ್ ತಪ್ಪುಸ್ಕಂತಾರೆ? ಹದ್ನಾಕ್ ಮರಕ್ಕೆ ನಮ್ ಕೈಗೆ ಕೊಡ್ಲಿ ಕೊಡ್ಲೇಬೇಕು. ನಮ್ಮನೆ ಮರಾನೇ ಮದ್ಲು ಬೀಳ್ಲಿ."

ಅಂಜನಪ್ಪ ಎಂಬ ಒಬ್ಬ ಮಾತ್ರ, "ಒಂದ್ ಕಾಗ್ದ ಬರೆಸ್ಕಂಡ್ರಾಗಾಕಿಲ್ವಾ ದಾಸಣ್ಣ?" ಎಂದ. ದಾಸಯ್ಯನಿಗೆ ರೇಗಿತು.

"ಮರದ್ ಮುಂದೆ ಕೊಟ್ ಮಾತಿಗೆ ಕಾಗ್ದ ಕೇಳಿದ್ರೆ ನಾವ್ ಮನುಷ್ಯರೇನ್ಲಾ? ನಂಬ್ಕೆ ಇಲ್ದಿದ್ರೆ ನನ್ನ ನಂಬು."

ಅವನನ್ನು ನಂಬಿದರು. ಶಿವಣ್ಣನಿಗೆ ಹೇಳಿದಾಗ ಅವನು ದಾಸಯ್ಯನ ಎರಡೂ ಕೈ ಹಿಡಿದುಕೊಂಡ. "ನೀನ್ ಹೇಳ್ದಂಗೇ ಆಗ್ಲಿ ದಾಸಣ್ಣ. ಮಾವನ್ ಮರಕ್ಕೆ ಮದ್ಲೇಟು ನಿಂದೇ," ಎಂದ.

ಶಿವರಾತ್ರಿ ಕಳೆದ ಸೋಮವಾರ ಏಳು ಮರಗಳೂ ಉರುಳಿದವು. ಬಿಳಿ ಪಂಚೆ ಉಟ್ಟು ಬಂದ ಶಿವಣ್ಣ ಪ್ರತಿ ಮರದ ಮುಂದೆಯೂ ಚಪ್ಪಲಿ ಬಿಟ್ಟು ಒಂದೊಂದು ಏಟು ಹಾಕಿದ. ಕೆಂಚಮ್ಮನ ಮರದ ಮುಂದೆ ಅವನ ಕಣ್ಣಲ್ಲಿ ನೀರು ಕೂಡ ಬಂತು, ಹಾಗೆ ಕಂಡವರಿದ್ದಾರೆ. ಬಿದ್ದ ಮರದ ಸುಳಿಯನ್ನು ಸೀಳಿ ಮಕ್ಕಳಿಗೆ ಹಂಚಿದರು. ಹೆಂಗಸರು ಬಾಯಿಗಿಡಲಿಲ್ಲ.

ಚರಂಡಿಯೇನೋ ಚೆನ್ನಾಗಿಯೇ ಬಂತು, ಸುಳ್ಳು ಹೇಳಬಾರದು. ಎರಡೂ ಕಡೆ ಸೈಜುಗಲ್ಲು, ತಳಕ್ಕೆ ಗಾರೆ. ಗುಡ್ಡದ ಬುಡದಿಂದ ಮೇಲುಕೇರಿಯ ಪಕ್ಕದಲ್ಲಿ ಇಳಿದು, ಕೆಳಗಲಕೇರಿಯ ಹಿತ್ತಲಗುಂಟ ಹರಿದು, ಯುಗಾದಿಯ ಹೊತ್ತಿಗೆ ತಿಮ್ಮಯ್ಯನ ಬೇಲಿ ಮುಟ್ಟಿತು. ಅಲ್ಲಿ ಕೆಲಸ ನಿಂತಿತು. ಕಲ್ಲು ಕಟ್ಟುವವರು ಬಾಂಡಲಿ, ಗುದ್ದಲಿ ಎತ್ತಿಕೊಂಡು ಹೊರಟುಹೋದರು.

ದಾಸಯ್ಯ ಕೇಳಿದ. "ಹಬ್ಬ ಕಳೀಲಿ," ಎಂದ ಶಿವಣ್ಣ. ಹಬ್ಬ ಕಳೆಯಿತು. "ಮರದಾಗೆ ಕಾಯಿ ಅವೆ, ಇದೊಂದ್ ಕುಯಿಲು ಇಳಿಸ್ಕಳ್ಳಿ, ಹೊಟ್ಟೆಪಾಡು ನೋಡು." ಕಾಯಿ ಇಳಿಸಿದ್ದೂ ಆಯಿತು. "ಮಾವಂಗೆ ಮೈ ಹುಷಾರಿಲ್ಲ, ಇಂಥಾ ಹೊತ್ನಾಗೆ ಮರ ಕಡ್ದ್ರೆ ಊರೋರು ಏನಂದಾರು?" ದಾಸಯ್ಯ ಒಂದೊಂದು ನೆಪವನ್ನೂ ಕೇರಿಗೆ ತಂದು ನೆಪವಲ್ಲದ ಹಾಗೆ ಹೇಳುತ್ತಿದ್ದ. ಹೇಳಿ ಹೇಳಿ ಅವನ ನಾಲಿಗೆಯೇ ಸವೆಯಿತು. ಅಂಜನಪ್ಪ ಈಗ ಎದುರು ಸಿಕ್ಕರೆ ಬರಿದೆ ನಗುತ್ತಿದ್ದ. ಅದು ಬೈಗುಳಕ್ಕಿಂತ ಕಡೆ. ಆದರೂ ದಾಸಯ್ಯನ ಮನಸ್ಸು ಶಿವಣ್ಣನ ಮೇಲೆ ಕೆಡಲಿಲ್ಲ. ಮಾವನಿಗೂ ಊರಿಗೂ ನಡುವೆ ಸಿಕ್ಕಿಕೊಂಡಿದ್ದಾನೆ, ಪಾಪ, ಎಂದು ಮರುಗುತ್ತಿದ್ದ.

ರೋಹಿಣಿ ಮಳೆ ಒಂದು ಮಧ್ಯಾಹ್ನ ಹಿಡಿಯಿತು. ಮೊದಲೆಲ್ಲ ಗುಡ್ಡದ ನೀರು ಹತ್ತು ಕಡೆ ಚೆದುರಿ, ಹೊಲದಲ್ಲಿ ಇಂಗಿ, ಉಳಿದದ್ದು ಕೇರಿಗೆ ಬರುತ್ತಿತ್ತು. ಈಗ ಕಲ್ಲು ಕಟ್ಟಿದ ದಾರಿ ಇದೆಯಲ್ಲ, ಒಂದು ಹನಿಯೂ ಅತ್ತಿತ್ತ ಹೋಗದೆ ಎಲ್ಲವೂ ಒಟ್ಟಾಗಿ ಇಳಿಯಿತು. ಮೇಲುಕೇರಿಯವರ ಬಾಗಿಲಲ್ಲಿ ಆ ವರ್ಷ ಕೆಸರೂ ಇರಲಿಲ್ಲ. ಕೆಂಪು ನೀರು ಭೋರೆಂದು ಬಂದು ತಿಮ್ಮಯ್ಯನ ಬದುವಿಗೆ ಬಡಿದು, ಅಷ್ಟೇ ರಭಸದಲ್ಲಿ ಕೇರಿಯೊಳಕ್ಕೆ ತಿರುಗಿತು. ದಾಸಯ್ಯ ಗುದ್ದಲಿ ಹಿಡಿದು ಬದು ಒಡೆಯಲು ಓಡಿದ. ಬೇಲಿಯ ಹತ್ತಿರ ಸೊಂಟದ ಮೇಲೆ ನೀರು, ಕಾಲು ನಿಲ್ಲಲಿಲ್ಲ. ಅಂಜನಪ್ಪನೇ ಅವನ ರಟ್ಟೆ ಹಿಡಿದು ಈಚೆಗೆಳೆದ. ಕೆಂಚಮ್ಮನ ಮನೆಯ ಹಿಂದಿನ ಗೋಡೆ ಕುಸಿಯಿತು. ಮಳೆ ನಿಲ್ಲುವಷ್ಟರಲ್ಲಿ ದಿಬ್ಬ ಮುಳುಗಿ, ಎರಡೂ ಹಗೇವಿನ ಬಾಯಿಂದ ಬುಳುಬುಳು ಗುಳ್ಳೆ ಏಳುತ್ತಿತ್ತು. ಏಳು ಮನೆಯವರೂ ನಿಂತು ಆ ಗುಳ್ಳೆಗಳನ್ನು ನೋಡಿದರು.

ಮೂರನೆಯ ದಿನ ಓವರ್‌ಸೀಯರ್ ಬಂದ, ಚರಂಡಿಯ ಕಲ್ಲು ಕದಲಿದೆಯೇ ನೋಡಲು. ಕಲ್ಲು ಕದಲಿರಲಿಲ್ಲ. ದಾಸಯ್ಯ ಅವನ ಹಿಂದೆ ಬಿದ್ದ.

"ಸ್ವಾಮಿ, ಇನ್ನೂ ತಡ ಮಾಡ್ಬ್ಯಾಡಿ. ತೋಟದೊಳಗಿನ ಕೆಲ್ಸ ಯಾವತ್ತು ಸುರು ಮಾಡ್ತೀರಿ?"

"ಯಾವ ತೋಟದ ಕೆಲಸ?"

"ಇದೇ ಸ್ವಾಮಿ, ಬೇಲಿಯಿಂದ ಕೆರೆಗಂಟ. ನಾನೇ ಗೂಟ ಹೊಡ್ಕೊಟ್ಟಿದ್ನಲ್ಲ."

ಓವರ್‌ಸೀಯರ್ ಕೆಟ್ಟವನಲ್ಲ. ಮುದುಕ ಏನೋ ತಪ್ಪು ತಿಳಿದುಕೊಂಡಿದ್ದಾನೆ ಎಂದು ಸೈಕಲ್ಲಿನ ಚೀಲದಿಂದ ನೀಲಿ ನಕ್ಷೆ ತೆಗೆದು ಚರಂಡಿಯ ಕಲ್ಲಿನ ಮೇಲೆ ಬಿಡಿಸಿದ. ಗುಡ್ಡ, ಮೇಲುಕೇರಿ, ಏಳು ಮನೆ. ನೀರಿನ ದಾರಿ ನೋಡಲು ದಾಸಯ್ಯನಿಗೆ ಓದು ಬೇಕಿರಲಿಲ್ಲ. ಬಿಳಿ ಗೆರೆ ಬೇಲಿಯವರೆಗೆ ಬಂದು ನಿಂತಿತ್ತು. ಅದರ ಮುಂದೆ ಬರೀ ನೀಲಿ.

"ಕಾಮಗಾರಿ ಇರೋದೇ ಇಷ್ಟು," ಎಂದ ಓವರ್‌ಸೀಯರ್. "ನೀನು ಗೂಟ ಹೊಡೆದ ಮಾರನೇ ದಿನಾನೇ ನಿಮ್ಮ ಪ್ರಧಾನರು ಆಫೀಸಿಗೆ ಬಂದು, ತೋಟದ ಭಾಗ ಬೇಡ, ಬೇಲಿಗೆ ನಿಲ್ಲಿಸಿ ಅಂದ್ರು. ಊರಿನವರೆಲ್ಲ ಒಪ್ಪಿದ್ದಾರೆ ಅಂತಾನೂ ಹೇಳಿದ್ರು. ಕಾರ್ತೀಕದಲ್ಲೇ ಬರೆದಾಯ್ತಲ್ಲಯ್ಯ ಇದು."

ಕಾರ್ತೀಕದಲ್ಲಿ. ಮರ ಕಡಿದದ್ದು ಶಿವರಾತ್ರಿಗೆ. ದಾಸಯ್ಯ ಬೆರಳು ಮಡಚಿ ತಿಂಗಳು ಎಣಿಸಿದ, ಮತ್ತೊಮ್ಮೆ ಎಣಿಸಿದ. ತನ್ನ ಕೈ ಹಿಡಿದುಕೊಂಡಾಗ ಶಿವಣ್ಣನಿಗೆ ಗೊತ್ತಿತ್ತು. ಏಳು ಸಲ ಚಪ್ಪಲಿ ಬಿಟ್ಟಾಗ ಗೊತ್ತಿತ್ತು. ಕಣ್ಣಲ್ಲಿ ನೀರು ತಂದುಕೊಂಡಾಗಲೂ ಗೊತ್ತಿತ್ತು. ಹೆಂಡತಿ ಸತ್ತಾಗಲೂ ದಾಸಯ್ಯನಿಗೆ ಇಷ್ಟು ಒಂಟಿ ಅನ್ನಿಸಿರಲಿಲ್ಲ.

ನೆಟ್ಟಗೆ ಮಂಡಲದ ಕಚೇರಿಗೆ ಹೋದ. ಶಿವಣ್ಣ ಒಬ್ಬನೇ ಕೂತು ಪೇಪರ್ ಓದುತ್ತಿದ್ದ.

"ನಕ್ಸೆ ನೋಡ್ದೆ ಶಿವಣ್ಣಾರೆ," ಎಂದ ದಾಸಯ್ಯ.

ಶಿವಣ್ಣ ಪೇಪರ್ ಮಡಚಿಟ್ಟ. ಅವನ ಮುಖದಲ್ಲಿ ನಾಚಿಕೆ ಇರಬಹುದೆಂದು ದಾಸಯ್ಯ ಹುಡುಕಿದ. ಬೇಸರ ಮಾತ್ರ ಇತ್ತು.

"ನೋಡ್ ದಾಸ, ಮೇಲುಕೇರಿ ಚರಂಡಿ ನೀರು ಎಲ್ಲಿಗಾದ್ರೂ ಹೋಗ್ಬೇಕಲ್ಲ? ನಿಮ್ ಹಿತ್ಲು ಸಿಗ್ದಿದ್ರೆ ಕೆಲ್ಸಾನೇ ವಾಪಸ್ ಹೋಗ್ತಿತ್ತು. ನಾನ್ ಕೇಳಿದ್ರೆ ನಿಮ್ಮೋರು ಕೊಡ್ತಿದ್ರಾ? ನೀನ್ ಕೇಳ್ದೆ, ಕೊಟ್ರು. ಅದ್ಕೇ ತಾನೆ ನಿನ್ನ ಜೊತೇಲಿಟ್ಕಂಡಿದ್ದು."

"ಮದ್ಲೇಟು..." ಎಂದ ದಾಸಯ್ಯ.

"ಅದನ್ನ ಹೇಳ್ದೋನು ನೀನು ಕಣಪ್ಪ. ನಾನು ಬ್ಯಾಡ ಅಂದಿದ್ರೆ ನಿಮ್ಮೋರಿಗೆ ಅವತ್ತೇ ಅನುಮಾನ ಬತ್ತಿತ್ತು." ಶಿವಣ್ಣ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟ. "ಆಗಿದ್ದಾಗೋಯ್ತು, ಬುಡು. ಒಳಗೆ ಕೂಲಿಗೆ ಕೊಡಾಕೆ ಬಂದ ಗೋಧಿ ಮೂಟೆ ಅವೆ. ಮನೆಗೊಂದು ಕೊಡಿಸ್ತೀನಿ. ಕೆಲ್ಸ ಪೂರ್ತಿ ಆಗೈತೆ, ನಮ್ದೇನೂ ತಕರಾರಿಲ್ಲ ಅಂತ ಈ ಕಾಗ್ದಕ್ಕೆ ಏಳ್ ಮನೆಯೋರ್ದೂ ಒಂದೊಂದು ಹೆಬ್ಬೆಟ್ಟು ಹಾಕಿಸ್ಕಂಬಾ. ನೀನು ಹೇಳಿದ್ರೆ ಹಾಕ್ತಾರೆ."

ದಾಸಯ್ಯ ಹೆಗಲ ಮೇಲಿನ ಕೈ ತೆಗೆದು ಪಕ್ಕಕ್ಕಿಟ್ಟ. ಉಗಿಯಬೇಕೆನಿಸಿತು. ಬಾಯಿ ಒಣಗಿತ್ತು. ಕಾಗದ ಮುಟ್ಟದೆ ಹೊರಗೆ ಬಂದ.

ದಾರಿಯಲ್ಲಿ ಸಿಟ್ಟು ನಿಧಾನವಾಗಿ ಏರಿತು, ಸಿಟ್ಟಿನ ಜೊತೆಗೆ ಒಂದು ಸಮಾಧಾನವೂ ಬಂತು. ಕೇರಿಯವರಿಗೆ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ನಕ್ಷೆಯ ವಿಷಯ, ಕಾರ್ತೀಕದ ವಿಷಯ, ಅವನು ಆಡಿದ ಮಾತು, ಒಂದನ್ನೂ ಮುಚ್ಚಿಡುವುದಿಲ್ಲ. ನಾನೂ ಮೋಸ ಹೋದವನೇ ಎಂದು ಅವರಿಗೆ ಗೊತ್ತಾದರೆ ಸಾಕು. ಎಲ್ಲರೂ ಸೇರಿ ತಿಪಟೂರಿಗೆ ಹೋಗಿ ಅರ್ಜಿ ಕೊಡೋಣ, ಬದು ಒಡೆಯೋಣ, ಶಿವಣ್ಣನಿಗೆ ಬಾಯಿಗೆ ಬಂದಂತೆ ಬೈಯೋಣ. ನನ್ನವರು ನನ್ನನ್ನು ಬಿಡುತ್ತಾರೆಯೇ?

ಕೇರಿಯಲ್ಲಿ ಹಗೇವು ತೆಗೆದಿದ್ದರು. ಬಾಯಿ ತೆರೆದು ಗಾಳಿಯಾಡಿಸಿ, ಹಗ್ಗ ಕಟ್ಟಿ ಅಂಜನಪ್ಪನನ್ನು ಇಳಿಸಿ, ಬುಟ್ಟಿ ಬುಟ್ಟಿಯಾಗಿ ರಾಗಿಯನ್ನು ಮೇಲಕ್ಕೆಳೆದು ಚಾಪೆಗಳ ಮೇಲೆ ಸುರಿದಿದ್ದರು. ಗಂಟು ಗಂಟಾಗಿ, ಕಪ್ಪಗೆ, ಮೊಳಕೆ ಹೊಡೆದು, ಇಡೀ ಕೇರಿ ಹುಳಿನಾತ ಹೊಡೆಯುತ್ತಿತ್ತು. ಹೆಂಗಸರು ಕೂತು ತಿನ್ನಬಹುದಾದ್ದನ್ನು ಆರಿಸುತ್ತಿದ್ದರು. ದಾಸಯ್ಯ ಅವರ ನಡುವೆ ನಿಂತು ಹೇಳಿದ. ಒಂದು ಮಾತನ್ನೂ ಬಿಡಲಿಲ್ಲ. ಹೇಳಿ ಮುಗಿಸಿದಾಗ ಅವನ ಕಣ್ಣಿಂದ ನೀರು ಹರಿಯುತ್ತಿತ್ತು.

"ನನ್ನ ನಂಬಿಸಿ ಕತ್ ಕುಯ್ದ ಕಣ್ರಪ್ಪ," ಎಂದ.

ಯಾರೂ ಶಿವಣ್ಣನನ್ನು ಬೈಯಲಿಲ್ಲ. ಅಂಜನಪ್ಪ ಮೈಗೆ ಮೆತ್ತಿದ ರಾಗಿಯನ್ನು ಕೆರೆದುಕೊಳ್ಳುತ್ತ ಬೇರೆ ಕಡೆ ನೋಡಿದ. ಆರಿಸುತ್ತಿದ್ದ ಕೈಗಳು ಆರಿಸುತ್ತಲೇ ಇದ್ದವು. ಕೆಂಚಮ್ಮ ತಲೆಯೆತ್ತಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ದಾಸಯ್ಯ ಹೇಗೋ ತಡೆದುಕೊಳ್ಳುತ್ತಿದ್ದ.

"ಅವ್ನು ನಿಂಗೆ ಮೋಸ ಮಾಡ್ದ ಕಣಣ್ಣ, ನಿಜ," ಎಂದಳು. "ಆದ್ರೆ ನಾವು ಅವನ್ನ ಯಾವತ್ ನಂಬಿದ್ವು? ಅವನ್ ಮಾತಿಗೆ ನಾನು ಒಂದ್ ಗರಿ ಕೂಡ ಕಡೀತಿರ್ನಿಲ್ಲ. ನಾವ್ ನಂಬಿದ್ದು ನಿನ್ನ. ನಮಗ್ ಮೋಸ ಮಾಡ್ದೋನು ನೀನು."

ಕೆಂಚಮ್ಮ ಆರಿಸಿದ ರಾಗಿಯನ್ನು ಮೊರಕ್ಕೆ ಬಳಿದುಕೊಂಡು, ಎದ್ದು, ಗೋಡೆ ಬಿದ್ದ ಮನೆಯೊಳಕ್ಕೆ ಹೋದಳು. ಉಣ್ಣುವ ಹೊತ್ತಾಗಿತ್ತು. ಅಣ್ಣನನ್ನು ಒಳಗೆ ಕರೆಯಲಿಲ್ಲ.